ದುಂಡು, ಗೆರೆ, ಬಾಣ, ಫೋಟೋ

ಸಕಲೇಶಪುರ, ಆಲೂರು ಸೀಮೆಯಲ್ಲಿ ಶಾಲೆಗೆ ರಜೆ ಸಿಗಲು ಎರಡು ದಾರಿ. ಆಷಾಢದ ಮಳೆ ಹಿಡಿದು ಹಳ್ಳ ಉಕ್ಕಿದರೆ ಸರ್ಕಾರ ರಜೆ ಕೊಡುತ್ತದೆ. ತೋಟದ ಬೇಲಿ ಮುರಿದು ಆನೆ ಹಿಂಡು ರಸ್ತೆಗಿಳಿದರೆ ಸರ್ಕಾರ ಕೊಡುವ ಮೊದಲೇ ಮಕ್ಕಳು ತಾವೇ ತೆಗೆದುಕೊಳ್ಳುತ್ತಾರೆ. ಈಗ ಮೂರನೆಯ ಆಪತ್ತೊಂದು ಹೈಸ್ಕೂಲಿನ ಒಳಗೇ ಬಂದು ಗೋಡೆಗೆ ಅಂಟಿಕೊಂಡಿದೆ. ಇದಕ್ಕೆ ರಜೆಯಿಲ್ಲ, ಪರಿಹಾರಧನವಿಲ್ಲ, ಪಟಾಕಿ ಹೊಡೆದು ಓಡಿಸುವ ಹಾಗೂ ಇಲ್ಲ. ಹೆಸರು ಗ್ರಾಫಿಕ್ ಆರ್ಗನೈಸರ್.

ಹೆಸರು ಕೇಳಿ ಹೆದರಬೇಕಿಲ್ಲ. ಪಾಠದಲ್ಲಿರುವುದನ್ನು ಉದ್ದುದ್ದ ವಾಕ್ಯ ಬಿಟ್ಟು ದುಂಡು, ಚೌಕ, ಗೆರೆ, ಬಾಣಗಳಲ್ಲಿ ಜೋಡಿಸಿಡುವುದು, ಅಷ್ಟೇ. ನಡುವೆ ಒಂದು ದುಂಡು, ಅದರೊಳಗೆ ದ್ಯುತಿಸಂಶ್ಲೇಷಣೆ. ಸುತ್ತ ನಾಲ್ಕು ದುಂಡು, ಅವುಗಳಲ್ಲಿ ಬೆಳಕು, ನೀರು, ಪತ್ರಹರಿತ್ತು, ಇಂಗಾಲದ ಡೈಆಕ್ಸೈಡ್. ಎರಡನ್ನು ಹೋಲಿಸಲು ಒಂದರ ಮೇಲೊಂದು ಏರಿದ ವೃತ್ತಗಳು, ಕಾರಣ ಹುಡುಕಲು ಮೀನಿನ ಮುಳ್ಳು, ವರ್ಗೀಕರಣಕ್ಕೆ ಮರ, ಮಿಕ್ಕಿದ್ದಕ್ಕೆಲ್ಲ ಜೇಡರ ಬಲೆ. ಒಳ್ಳೆಯ ಉಪಾಯ. ಇಷ್ಟು ಒಳ್ಳೆಯ ಉಪಾಯವನ್ನು ಕೆಡಿಸುವುದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ, ಅದಕ್ಕೊಂದು ವ್ಯವಸ್ಥೆಯೇ ಬೇಕು. ದೇವರ ದಯೆಯಿಂದ ನಮ್ಮಲ್ಲಿ ಅದು ಇದೆ.

ಕೆಡುವ ಬಗೆಯನ್ನೇ ಬಾಣ ಹಾಕಿ ತೋರಿಸಬಹುದು. ಬೆಂಗಳೂರಿನಲ್ಲಿ ತರಬೇತಿ, ಅಲ್ಲಿಂದ ಬಾಣ ಜಿಲ್ಲೆಗೆ. ಜಿಲ್ಲೆಯಲ್ಲಿ ಅದರ ಅರ್ಧದಷ್ಟು ತರಬೇತಿ. ಅಲ್ಲಿಂದ ಬಾಣ ತಾಲ್ಲೂಕಿಗೆ. ತಾಲ್ಲೂಕಿನಲ್ಲಿ ಒಂದೇ ದಿನ: ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಉಪ್ಪಿಟ್ಟು, ಪ್ರೊಜೆಕ್ಟರಿನ ವೈರು ಹುಡುಕುವುದು, ಊಟ, ಹಾಜರಾತಿಗೆ ಸಹಿ, ವಂದನಾರ್ಪಣೆ. ಇವುಗಳ ನಡುವೆ ಎಲ್ಲೋ ಪರಿಕಲ್ಪನಾ ನಕ್ಷೆ ಎಂಬ ಈ ದುಂಡು, ಬಾಣಗಳ ಚಿತ್ರವೂ ಬಂದು ಹೋಗಿರುತ್ತದೆ. ಅದು ಉಪ್ಪಿಟ್ಟಿಗಿಂತ ಮೊದಲೋ ಆಮೇಲೋ ಎಂಬುದು ಹಿಂದಿನ ಸಾಲಿನವರಿಗೆ ನೆನಪಿಲ್ಲ. ತಾಲ್ಲೂಕಿನಿಂದ ಮುಂದಿನ ಬಾಣ ಶಾಲೆಗೆ, ವಾಟ್ಸಾಪಿನಲ್ಲಿ, ಪಿಡಿಎಫ್ ರೂಪದಲ್ಲಿ. ಕೊನೆಯ ಬಾಣ ಮಗುವಿಗೆ ಹೋಗಬೇಕಿತ್ತು. ದಾರಿ ತಪ್ಪಿ ಗೋಡೆಗೆ ಹೋಯಿತು.

ಘಟ್ಟದ ಅಂಚಿನ ಒಂದು ಸರ್ಕಾರಿ ಹೈಸ್ಕೂಲು ಎಂದುಕೊಳ್ಳಿ. ಹೆಸರು ಬೇಡ; ಯಸಳೂರು, ಹೆತ್ತೂರು, ಹಾನುಬಾಳು, ಪಾಳ್ಯ, ಕುಂದೂರು, ಯಾವ ಹೋಬಳಿಯಲ್ಲಿ ಹುಡುಕಿದರೂ ಅದರ ಒಡಹುಟ್ಟು ಸಿಗುತ್ತದೆ. ಚಾರ್ಟು ಕಾಗದ, ಸ್ಕೆಚ್ ಪೆನ್ನು, ಗಮ್ಮು ಮೇಷ್ಟ್ರ ಜೇಬಿನಿಂದ. ಬರೆಯುವವಳು ತರಗತಿಗೆ ಒಬ್ಬಳೇ: ಅಕ್ಷರ ದುಂಡಗಿರುವ ಹುಡುಗಿ. ಎಂಟನೇ ತರಗತಿಯಿಂದ ಅವಳದು ಇದೇ ಉದ್ಯೋಗ. ವಿಜ್ಞಾನದ ಬಲೆ, ಸಮಾಜದ ಮರ, ಗಣಿತದ ವೃತ್ತ, ಕನ್ನಡದ ಸಮಾಸಗಳ ಕೊಂಬೆ, ಎಲ್ಲವೂ ಅವಳ ಕೈಯಲ್ಲೇ ಹುಟ್ಟಬೇಕು. ಉಳಿದವರು ಸುತ್ತ ನಿಂತು ಸ್ಕೇಲು ಹಿಡಿಯುತ್ತಾರೆ, ಪೆನ್ನಿನ ಮುಚ್ಚಳ ಕಾಯುತ್ತಾರೆ. ವರದಿಯಲ್ಲಿ ಇದಕ್ಕೆ ‘ಗುಂಪು ಚಟುವಟಿಕೆ’ ಎಂದು ಬರೆಯಬೇಕು.

ಜೂನ್ ಕಳೆಯಿತು ಎನ್ನುವಷ್ಟರಲ್ಲಿ ಚಾರ್ಟು ಹಸಿಯಾಗಿ ಸುರುಳಿ ಸುತ್ತುತ್ತದೆ. ಮೂಲೆಯಲ್ಲಿ ಬೂಷ್ಟು ಏಳುತ್ತದೆ. ಒಂದು ಚುಕ್ಕಿಯಿಂದ ಹೊರಟು ಸುತ್ತ ಕವಲೊಡೆದು, ಕವಲಿಗೆ ಕವಲು ಸೇರಿಸಿ, ಯಾವ ತರಬೇತಿಯೂ ಇಲ್ಲದೆ ಅದು ಬರೆಯುವ ಜಾಲನಕ್ಷೆಯ ಅಚ್ಚುಕಟ್ಟು ಕಂಡರೆ ಸಂಪನ್ಮೂಲ ವ್ಯಕ್ತಿಗಳು ನಾಚಬೇಕು. ಆ ಗೋಡೆಯ ಮೇಲೆ ಯಾರ ಆದೇಶಕ್ಕೂ ಕಾಯದೆ ಬೆಳೆದ ವಿಷಯ ಅದೊಂದೇ.

ಆಮೇಲೆ ತಪಾಸಣೆ.

‘ಚಾರ್ಟು ಎಷ್ಟಿವೆ?’

‘ಹದಿನಾಲ್ಕು ಇವೆ ಸಾರ್.’

‘ವರ್ಗೀಕರಣದ ಮರ ಕಾಣ್ತಿಲ್ವಲ್ಲ?’

‘ಹೋದ ವಾರದ ಗಾಳಿಗೆ ಬಿತ್ತು ಸಾರ್.’

‘ಶಾಲೆ ಮುಂದಿನ ಮರ ಕೇಳಲಿಲ್ಲರೀ ನಾನು.’

‘ಅದೂ ಬಿತ್ತು ಸಾರ್. ಕರೆಂಟ್ ಹೋಗಿ ಆಗಲೇ ನಾಕು ದಿನ ಆಯ್ತು.’

ಕರೆಂಟ್ ಹೋದದ್ದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ. ಚಾರ್ಟಿಗೆ ಇದೆ. ಹದಿಮೂರು ಎಂದು ಬರೆದುಕೊಂಡು ಜೀಪು ಹೊರಡುತ್ತದೆ. ಯಾವ ಹುಡುಗನನ್ನೂ ಕರೆದು ‘ಈ ಬಾಣ ಇಲ್ಲಿಂದ ಅಲ್ಲಿಗೆ ಯಾಕಪ್ಪ ಹೋಗಿದೆ?’ ಎಂದು ಕೇಳಿರುವುದಿಲ್ಲ. ಕೇಳಿದರೆ ಹುಡುಗ ಸತ್ಯ ಹೇಳಿಬಿಡುವ ಅಪಾಯವಿದೆ: ‘ಗೈಡಲ್ಲಿ ಹಂಗೇ ಇತ್ತು ಸಾ.’

ಇನ್ನು ಫೋಟೋ. ಮಾಡಿದ್ದು ಸಾಲದು, ಮಾಡಿದ್ದಕ್ಕೆ ಸಾಕ್ಷಿ ಬೇಕು. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ರಾಗಿ ಮಾಲ್ಟಿನ ಲೆಕ್ಕ, ಹಾಜರಾತಿ, ಪಾಠಾಧಾರಿತ ಮೌಲ್ಯಾಂಕನದ ಅಂಕ, ಇವೆಲ್ಲ ಏರುವ ದಾರಿಯಲ್ಲೇ ಚಾರ್ಟಿನ ಫೋಟೋವೂ ಏರಬೇಕು. ಶಾಲೆಯಲ್ಲಿ ಸಿಗ್ನಲ್ ಇಲ್ಲ. ಆದ್ದರಿಂದ ಸಂಜೆ ಮೇಷ್ಟ್ರು ಮೊಬೈಲ್ ಹಿಡಿದು ಗುಡ್ಡ ಏರುತ್ತಾರೆ. ಮೇಲೊಂದು ಬಂಡೆಯಿದೆ, ಅಲ್ಲಿ ಎರಡು ಗೆರೆ ನೆಟ್‌ವರ್ಕ್ ಬರುತ್ತದೆ. ಮಕ್ಕಳಿಗೆ ಮುಟ್ಟದ ಬಾಣ ಆ ಬಂಡೆಯಿಂದ ಹಾರಿ ನೇರ ಕಚೇರಿಗೆ ನಾಟುತ್ತದೆ. ಕಚೇರಿ ಸಂತುಷ್ಟ. ಬಂಡೆಯ ಮೇಲಿದ್ದವರಿಗೆ ಆಗಲೇ ಇನ್ನೊಂದು ಸಂದೇಶ: ‘ಫೋಟೋದಲ್ಲಿ ದಿನಾಂಕ ಕಾಣುವುದಿಲ್ಲ, ಮತ್ತೆ ಕಳುಹಿಸಿ.’

ಮೇಲಿನಿಂದ ನೋಡುವುದರಲ್ಲಿ ಒಂದು ಸುಖವಿದೆ, ಅಲ್ಲಗಳೆಯಬಾರದು. ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನೇ ನೋಡಿ. ಡ್ರೋನ್ ಹಾರಿಸಿದರೆ ಎಂಟು ಮೂಲೆಯ ನಕ್ಷತ್ರ, ಮೊಬೈಲಿನ ವಾಲ್‌ಪೇಪರಿಗೆ ಹೇಳಿ ಮಾಡಿಸಿದಂತಿದೆ. ಒಳಗೆ ನಿಂತವನಿಗೆ ನಕ್ಷತ್ರವಿಲ್ಲ. ಹಾವಸೆ ಹಿಡಿದ ಗೋಡೆ, ಒಂದು ಬಾವಿ, ಮಂಜು. ನಮ್ಮ ತರಗತಿಯ ನಕ್ಷೆಗಳೂ ಮೇಲೆ ಕೂತವರ ಕಣ್ಣಿಗೆಂದೇ ಕಟ್ಟಿದವು. ಟಿಪ್ಪುವಿನ ಕೋಟೆಗಾದರೂ ಶತ್ರುವನ್ನು ದೂರವಿಡುವ ಉದ್ದೇಶವಿತ್ತು. ನಾವು ಯಾರನ್ನು ದೂರವಿಡುತ್ತಿದ್ದೇವೆ ಎಂದು ಕೇಳಿದರೆ ಹಿಂದಿನ ಬೆಂಚು ತೋರಿಸಬೇಕಾಗುತ್ತದೆ.

ಈ ನಕ್ಷೆಗಳು ಹುಟ್ಟಿದ ಬಗೆ ನೋಡಿದರೆ ನಗೆ ಇನ್ನೂ ಹೆಚ್ಚಾಗುತ್ತದೆ. ಪರಿಕಲ್ಪನಾ ನಕ್ಷೆಯನ್ನು ರೂಪಿಸಿದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಬಳಗ, 1972ರಲ್ಲಿ. ಮಕ್ಕಳಿಗೆ ವಿಜ್ಞಾನ ಹೇಗೆ ತಿಳಿಯುತ್ತದೆ ಎಂದು ಅವರು ಹನ್ನೆರಡು ವರ್ಷ ಹಿಡಿದ ಅಧ್ಯಯನ ನಡೆಸಿದರು. ಮಕ್ಕಳನ್ನು ಕೂರಿಸಿ ಮಾತಾಡಿಸಿದರು, ಆಡಿದ್ದನ್ನು ಬರೆದುಕೊಂಡರು. ಕಾಗದದ ರಾಶಿ ಬೆಳೆಯಿತು. ಮಗುವಿಗೆ ಹೋದ ವರ್ಷ ಏನು ತಿಳಿದಿತ್ತು, ಈ ವರ್ಷ ಏನು ಬದಲಾಯಿತು ಎಂಬುದು ರಾಶಿಯಲ್ಲಿ ಕಾಣದಾಯಿತು. ಆಗ ಮಗುವಿನ ಮಾತನ್ನೇ ದುಂಡು, ಗೆರೆಗಳಲ್ಲಿ ಬರೆದು ನೋಡಿದರು. ಅಂದರೆ ಮಗುವಿನ ತಲೆಯಲ್ಲಿರುವುದು ದೊಡ್ಡವರಿಗೆ ಕಾಣಲಿ ಎಂದು ಹುಟ್ಟಿದ್ದು ಇದು. ಕಲಿಯುವವನಿಗೆ ಮೊದಲೇ ಏನು ಗೊತ್ತಿದೆ ಎಂಬುದೇ ಕಲಿಕೆಗೆ ಎಲ್ಲಕ್ಕಿಂತ ಮುಖ್ಯ ಎಂದಿದ್ದ ಡೇವಿಡ್ ಆಸುಬೆಲ್ ಎಂಬ ಮನೋವಿಜ್ಞಾನಿಯ ವಿಚಾರ ಅದರ ಬುಡದಲ್ಲಿತ್ತು. ನಾವು ಬಾಣವನ್ನು ಹಿಂದುಮುಂದು ಮಾಡಿದೆವು. ದೊಡ್ಡವರ ತಲೆಯಲ್ಲಿರುವುದು, ಅದೂ ಅಲ್ಲ, ಗೈಡಿನ ತಲೆಯಲ್ಲಿರುವುದು ಮಗುವಿಗೆ ಕಾಣಲಿ ಎಂದು ತೂಗುಹಾಕಿದೆವು.

ನೊವಾಕ್ ಒಂದು ನಿಯಮ ಹಾಕಿದ್ದರು: ಎರಡು ದುಂಡುಗಳ ನಡುವಿನ ಗೆರೆ ಬರೀ ಗೆರೆಯಾಗಿರಬಾರದು, ಅದರ ಮೇಲೆ ಸಂಬಂಧ ಹೇಳುವ ಮಾತು ಇರಬೇಕು. ‘ಹೂಮಳೆ’ ಒಂದು ದುಂಡು, ‘ಕಾಫಿ ಹೂ’ ಇನ್ನೊಂದು. ನಡುವಿನ ಗೆರೆಯ ಮೇಲೆ ‘ಬಿದ್ದ ಹತ್ತು ದಿನದೊಳಗೆ ಅರಳಿಸುತ್ತದೆ’ ಎಂದು ತೋಟದ ಹುಡುಗ ಬರೆದರೆ ಅವನಿಗೆ ವಿಷಯ ತಿಳಿದಿದೆ. ‘ಆಮೇಲೆ ಇನ್ನೊಂದು ಮಳೆ ಬರದಿದ್ದರೆ’ ಎಂದು ಇನ್ನೊಂದು ಗೆರೆ ಎಳೆದರೆ ಅವನಿಗೆ ಮೇಷ್ಟ್ರಿಗಿಂತ ಹೆಚ್ಚು ತಿಳಿದಿದೆ. ನಮ್ಮ ಚಾರ್ಟುಗಳ ಗೆರೆಗಳು ಮೂಕ. ಯಾವುದು ಯಾವುದಕ್ಕೆ ಕಾರಣ, ಯಾವುದು ಯಾವುದರ ಭಾಗ, ಯಾವುದು ಯಾವುದರ ವಿರುದ್ಧ, ಒಂದೂ ಹೇಳುವುದಿಲ್ಲ. ಬಣ್ಣ ಮಾತ್ರ ಬೇರೆಬೇರೆ. ಕೆಂಪು ಗೆರೆ ಯಾಕೆ ಕೆಂಪು ಎಂದರೆ ನೀಲಿ ಪೆನ್ನು ಒಣಗಿತ್ತು.

ನಮ್ಮ ರಾಜ್ಯದಲ್ಲಿ ಇದನ್ನು ನೆಟ್ಟಗೆ ಮಾಡಲು ಹೊರಟವರೇ ಇರಲಿಲ್ಲ ಎಂದರೆ ಅನ್ಯಾಯ. 2011ರ ಸುಮಾರಿಗೆ ಆರ್‌ಎಂಎಸ್‌ಎ ಎಂಬ ಕೇಂದ್ರದ ಪ್ರೌಢಶಿಕ್ಷಣ ಯೋಜನೆಯ ಅಡಿಯಲ್ಲಿ ವಿಷಯ ಶಿಕ್ಷಕರ ವೇದಿಕೆ ಶುರುವಾಯಿತು. ಡಿಎಸ್‌ಇಆರ್‌ಟಿ ಎಂಬ ರಾಜ್ಯದ ಶಿಕ್ಷಕ ತರಬೇತಿ ಇಲಾಖೆಯ ಜೊತೆಗೆ ಐಟಿ ಫಾರ್ ಚೇಂಜ್ ಸಂಸ್ಥೆ ಕೈಜೋಡಿಸಿ, ಹೈಸ್ಕೂಲು ಶಿಕ್ಷಕರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಫ್ರೀಮೈಂಡ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ತಮ್ಮ ಪಾಠದ ನಕ್ಷೆಯನ್ನು ತಾವೇ ಬರೆಯುವಂತೆ ಮಾಡಿತು. ಹಾಗೆ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಜಾಲತಾಣದಲ್ಲಿ ಪಾಠಗಳಿಗೆ ‘ಪರಿಕಲ್ಪನಾ ನಕ್ಷೆ’ ಎಂಬ ತಲೆಬರಹ ಬಂತು. ಪಠ್ಯಪುಸ್ತಕವನ್ನು ದೇವರ ಪಟದಂತೆ ನೋಡುತ್ತಿದ್ದ ಮೇಷ್ಟ್ರು ‘ಈ ಅಧ್ಯಾಯ ಹಿಂದಾಗಬೇಕು, ಆ ಉಪವಿಷಯ ಇಲ್ಲಿಗೆ ಬರಬೇಕು’ ಎಂದು ಮೊದಲ ಸಲ ತಕರಾರು ತೆಗೆಯಲು ಅಲ್ಲಿ ಜಾಗವಿತ್ತು. ತಕರಾರೇ ಕಲಿಕೆ. ಆದರೆ ತಕರಾರಿಗೆ ಅಪ್ಲೋಡ್ ಬಟನ್ ಇಲ್ಲವಲ್ಲ. ಉಳಿದದ್ದು ತಲೆಬರಹ. ಅದನ್ನು ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆದು, ದುಂಡಗಿನ ಅಕ್ಷರದ ಹುಡುಗಿಗೆ ಕೊಟ್ಟರೆ ಮುಗಿಯಿತು.

ಈ ಗುಡ್ಡಗಾಡಿನ ಜನಕ್ಕೆ ಗೆರೆ, ಚೌಕಗಳಲ್ಲಿ ಯೋಚಿಸುವುದನ್ನು ಹೊರಗಿನವರು ಬಂದು ಕಲಿಸಬೇಕು ಎಂಬುದು ಇನ್ನೊಂದು ತಮಾಷೆ. ಪಹಣಿ ಓದಲು ಬಾರದ ರೈತ ಇಲ್ಲಿ ಇಲ್ಲ. ಕಾಲಂ 9ರಲ್ಲಿ ಯಾರ ಹೆಸರು, ಕಾಲಂ 11ರಲ್ಲಿ ಯಾವ ಬ್ಯಾಂಕಿನ ಋಣ, ಕಾಲಂ 12ರಲ್ಲಿ ಏನು ಬೆಳೆ ಎಂಬುದನ್ನು ಏಳನೇ ಕ್ಲಾಸು ಬಿಟ್ಟವರೂ ಕನ್ನಡಕವಿಲ್ಲದೆ ಹೇಳುತ್ತಾರೆ. ಅಣ್ಣತಮ್ಮಂದಿರ ಪಾಲಿನಲ್ಲಿ 11ಇ ನಕ್ಷೆಯ ಗೆರೆ ಒಂದು ಗೇಣು ಆಚೀಚೆಯಾದರೆ ಎರಡು ತಲೆಮಾರು ಕೋರ್ಟಿಗೆ ಅಲೆಯುತ್ತದೆ. ಗೆರೆಯ ಬೆಲೆ ಅವರಿಗೆ ಗೊತ್ತು. ಜಾತಕದ ಹನ್ನೆರಡು ಮನೆಯಲ್ಲಿ ಕುಜ ಎಲ್ಲಿ ಕೂತಿದ್ದಾನೆ ಎಂದು ನೋಡಿ ಮದುವೆ ಮುರಿಯುವ ಅಜ್ಜಿಯರಿದ್ದಾರೆ. ಅಷ್ಟು ಪರಿಣಾಮಕಾರಿಯಾದ ಗ್ರಾಫಿಕ್ ಆರ್ಗನೈಸರ್ ಯಾವ ಬಿ.ಎಡ್. ಕಾಲೇಜಿನಲ್ಲೂ ತಯಾರಾಗಿಲ್ಲ.

ಮಕ್ಕಳು ಅಜ್ಜಿಯರನ್ನೂ ಮೀರಿದವರು. ಆಲೂರು, ಸಕಲೇಶಪುರದ ಕಾಡಂಚಿನಲ್ಲಿ ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಮನೆಮನೆಯಲ್ಲೂ ಒಂದು ನಕ್ಷೆ ತಯಾರಾಗುತ್ತದೆ. ಅರಣ್ಯ ಇಲಾಖೆಯ ಎಸ್ಸೆಮ್ಮೆಸ್ಸು, ವಾಟ್ಸಾಪ್ ಗುಂಪಿನ ಸುದ್ದಿ, ರಸ್ತೆ ಬದಿಯ ಎಚ್ಚರಿಕೆ ದೀಪ, ಹಾಲು ಹಾಕಲು ಹೋದವನು ತಂದ ವರದಿ, ಕಾಲರ್ ಹಾಕಿದ ಆನೆ ರಾತ್ರಿ ಎಲ್ಲಿತ್ತು ಎಂಬ ಮಾಹಿತಿ, ಎಲ್ಲ ಸೇರಿಸಿ ‘ಬೀಟಮ್ಮನ ಗುಂಪು ಆ ತೋಟದಲ್ಲಿ ಅದೆ, ಭೀಮ ಒಬ್ಬನೇ ಕೆರೆ ಕಡೆ ಇಳಿದವ್ನೆ, ಹಂಗಾದ್ರೆ ಇವತ್ತು ಮೇಲಿನ ದಾರಿ’ ಎಂದು ಹದಿನಾಲ್ಕರ ಹುಡುಗಿ ತೀರ್ಮಾನಿಸುತ್ತಾಳೆ. ಏನು ಗೊತ್ತಿದೆ, ಏನು ತಿಳಿಯಬೇಕು, ಕೊನೆಗೆ ಏನು ತಿಳಿಯಿತು ಎಂದು ಮೂರು ಕಾಲಂ ಹಾಕಿ ಓದುವ ವಿಧಾನವನ್ನು ಡೋನಾ ಓಗಲ್ ಎಂಬ ಅಮೆರಿಕದ ಅಧ್ಯಾಪಕಿ 1986ರಲ್ಲಿ ಪ್ರಕಟಿಸಿದರು. ಇಲ್ಲಿ ಅದು ದಿನಾ ಬೆಳಗ್ಗೆ ಕಾಫಿಯ ಜೊತೆ ನಡೆಯುತ್ತದೆ. ತಪ್ಪಾದರೆ ಅಂಕ ಕಡಿಮೆಯಾಗುವುದಿಲ್ಲ, ಪ್ರಾಣ ಹೋಗುತ್ತದೆ.

ಅಷ್ಟೆಲ್ಲ ಲೆಕ್ಕ ಹಾಕಿ, ಸುತ್ತು ದಾರಿಯಲ್ಲಿ ನಡೆದು ಅವಳು ತಡವಾಗಿ ತರಗತಿಗೆ ಬಂದರೆ ಏನು ನಡೆಯುತ್ತದೆ? ‘ಯಾಕಮ್ಮ ಲೇಟು? ಕೂತ್ಕೊ. ಮೊದಲನೇ ಮಹಾಯುದ್ಧದ ಕಾರಣಗಳು, ಮೀನಿನ ಮುಳ್ಳು, ನೋಡಿ ಬರ್ಕೊ.’

ಮೀನಿನ ಮುಳ್ಳಿನ ಚಿತ್ರ ಜಪಾನಿನ ಕಾವೊರು ಇಶಿಕಾವಾ ಅವರದು. ಕಾರ್ಖಾನೆಯಲ್ಲಿ ಸರಕು ಯಾಕೆ ಕೆಟ್ಟಿತು ಎಂದು ಕೆಲಸಗಾರರೇ ಸುತ್ತ ಕೂತು ಕಾರಣ ಹುಡುಕಲಿ ಎಂದು ಅದನ್ನು ಬಳಕೆಗೆ ತಂದರು. ಕೆಟ್ಟದ್ದು ಅವರದೇ ಸರಕು, ಹುಡುಕುವವರೂ ಅವರೇ. ನಮ್ಮ ಮೇಷ್ಟ್ರಿಗೆ ಮನಸ್ಸಿದ್ದರೆ ಮೀನಿನ ತಲೆಯಲ್ಲಿ ‘ಆನೆ ಊರಿಗೆ ಯಾಕೆ ಬರುತ್ತದೆ?’ ಎಂದು ಬರೆದು ಸುಮ್ಮನೆ ಕೂರಬಹುದಿತ್ತು. ತುಂಡುತುಂಡಾದ ಕಾಡು, ಹೇಮಾವತಿ ಜಲಾಶಯದಲ್ಲಿ ಮುಳುಗಿದ ನೆಲ, ಗದ್ದೆಯ ಭತ್ತ, ಹಲಸಿನ ಹಣ್ಣು, ತೋಟದೊಳಗಿನ ಕೆರೆ, ಘಟ್ಟದ ಕಿರು ಜಲವಿದ್ಯುತ್ ಯೋಜನೆ, ಮುಳ್ಳಿಗೊಂದರಂತೆ ಕಾರಣ ತಾವಾಗಿ ಬಂದು ಕೂರುತ್ತಿದ್ದವು. ಪ್ಲಾಂಟರ್ ಮಗ ಒಂದು ಕಾರಣ ಹೇಳಿದರೆ ತೋಟದ ಕೂಲಿಗಳ ಲೈನ್ ಮನೆಯ ಮಗ ಇನ್ನೊಂದು ಹೇಳುತ್ತಾನೆ, ಜಗಳವೇ ಆಗಬಹುದು. 2023ರ ಡಿಸೆಂಬರ್ 4ರಂದು ದಸರಾ ಆನೆ ಅರ್ಜುನ ಇದೇ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ಸುತ್ತಲಿನ ಶಾಲೆಗಳ ಮಕ್ಕಳು ಬೇರೇನೂ ಮಾತಾಡುತ್ತಿರಲಿಲ್ಲ. ಅಂಥ ದಿನ ಆ ಮೀನನ್ನು ಬೋರ್ಡಿನ ಮೇಲೆ ಬಿಟ್ಟಿದ್ದರೆ ಈಜುತ್ತಿತ್ತು. ಪಠ್ಯಕ್ರಮದಲ್ಲಿ ಆ ವಾರ ಆಸ್ಟ್ರಿಯಾದ ರಾಜಕುಮಾರ ಸಾಯಬೇಕಾಗಿತ್ತು, ಏನು ಮಾಡುವುದು.

ನದಿಗಳ ಪಾಠದ ಕತೆಯೂ ಇಷ್ಟೇ. ಬಿಸಿಲೆ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ರಿಡ್ಜ್ ಎಂದು ಕರೆಯುವ ಜಾಗದಲ್ಲಿ ಒಂದು ಗುರುತುಕಲ್ಲಿದೆ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ ಎಂದು ಬಾಣ. ಈ ಪಕ್ಕ ಬಿದ್ದ ಹನಿ ಹೇಮಾವತಿಯಾಗಿ ಕಾವೇರಿ ಸೇರುತ್ತದೆ. ಆ ಪಕ್ಕ ಬಿದ್ದದ್ದು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ಎರಡೇ ಕಾಲಂ, ನಡುವೆ ಒಂದು ಗೆರೆ, ಗೆರೆಯ ಅರ್ಥ ಮಳೆಗಾಲದಲ್ಲಿ ಕಣ್ಣೆದುರೇ ಹರಿಯುತ್ತದೆ. ಯಾವ ಇಲಾಖೆಯ ಚಾರ್ಟೂ ಇಷ್ಟು ಚೊಕ್ಕವಾಗಿಲ್ಲ, ಬೂಷ್ಟಿಗೂ ಇದು ಬಗ್ಗಿಲ್ಲ. ಹೆತ್ತೂರು ಹೋಬಳಿಯ ಮಕ್ಕಳು ಸುಬ್ರಹ್ಮಣ್ಯಕ್ಕೆ ಹೋಗುವಾಗ ಇದನ್ನು ದಾಟಿಯೇ ಹೋಗುತ್ತಾರೆ, ಇಳಿದು ಸೆಲ್ಫಿಯನ್ನೂ ತೆಗೆಯುತ್ತಾರೆ. ಸೋಮವಾರ ಶಾಲೆಗೆ ಬಂದು ‘ಪೂರ್ವಕ್ಕೆ ಹರಿಯುವ ನದಿಗಳು, ಪಶ್ಚಿಮಕ್ಕೆ ಹರಿಯುವ ನದಿಗಳು’ ಎಂಬ ಮರವನ್ನು ಗೋಡೆಯಿಂದ ನಕಲು ಮಾಡುತ್ತಾರೆ. ಆ ಮರದಲ್ಲಿ ಗೋದಾವರಿ ಇದೆ, ಮಹಾನದಿ ಇದೆ, ತಪತಿ ಇದೆ. ಸ್ಟಾಫ್ ರೂಮಿನ ಕಿಟಕಿಯಿಂದ ಕಾಣುವ ಹೇಮಾವತಿಗೆ ಕೊಂಬೆ ಸಿಕ್ಕಿಲ್ಲ.

ಈ ಗಲಾಟೆಯಲ್ಲಿ ನಿಜವಾಗಿ ನಷ್ಟಕ್ಕೊಳಗಾದವನು ಒಬ್ಬನಿದ್ದಾನೆ. ಅವನು ಲೈನ್ ಮನೆಯ ಹುಡುಗ. ಅಪ್ಪ ಅಮ್ಮ ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದ ತಾಂಡಾದಿಂದಲೋ ಕಾಫಿ ಕೊಯ್ಲಿಗೆ ಬಂದವರು. ನವೆಂಬರಿನಲ್ಲಿ ಎಂಟನೇ ತರಗತಿಗೆ ಸೇರಿದ್ದಾನೆ. ಮನೆಯ ಮಾತು ಬೇರೆ, ಅಂಗಳದ ಮಾತು ಬೇರೆ, ಪುಸ್ತಕದ ಕನ್ನಡ ಮೂರನೆಯದು. ಮೂರು ಸಾಲಿನ ವಾಕ್ಯ ಅವನಿಂದ ಆಗದು. ಆದರೆ ಕೊಯ್ದ ಹಣ್ಣಿನಿಂದ ಪಲ್ಪರ್‌ವರೆಗೆ, ಪಲ್ಪರಿನಿಂದ ಪಾರ್ಚ್‌ಮೆಂಟ್‌ವರೆಗೆ ಏನೇನಾಗುತ್ತದೆ ಎಂದು ಒಂದೊಂದೇ ಪದ ಬರೆದು ಬಾಣ ಹಾಕು ಎಂದರೆ ಹಾಕಬಲ್ಲ. ಅದು ಅವನ ಕೈಯಾರೆ ಮಾಡಿದ ಕೆಲಸ. ಭಾಷೆ ಕೈಕೊಟ್ಟಲ್ಲಿ ಯೋಚನೆಗೆ ಊರುಗೋಲಾಗಲಿ ಎಂದೇ ಜಗತ್ತಿನಾದ್ಯಂತ ಪರಭಾಷೆಯ ಮಕ್ಕಳ ತರಗತಿಗಳಲ್ಲಿ ಈ ನಕ್ಷೆಗಳನ್ನು ಬಳಸುತ್ತಾರೆ. ನಮ್ಮಲ್ಲಿ ಅವನ ಪಾಲಿಗೆ ಬಂದ ಕೆಲಸ ಸ್ಟೂಲು ಗಟ್ಟಿಯಾಗಿ ಹಿಡಿದುಕೊಳ್ಳುವುದು, ದುಂಡಗಿನ ಅಕ್ಷರದ ಹುಡುಗಿ ಬೀಳದಂತೆ.

ಹತ್ತನೇ ತರಗತಿಗೆ ಬಂದರೆ ಹಾಸ್ಯವೂ ನಿಂತುಹೋಗುತ್ತದೆ. ಹಾಸನ ಜಿಲ್ಲೆ 2019ರ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 89.33ರೊಂದಿಗೆ ರಾಜ್ಯಕ್ಕೆ ಮೊದಲು ಬಂತು. ಶ್ರೇಯಸ್ಸು ಯಾರದ್ದೆಂದು ನಡೆದ ಜಗ್ಗಾಟದಲ್ಲಿ ದೊಡ್ಡ ದೊಡ್ಡ ಹೆಸರುಗಳೆಲ್ಲ ಕಾಣಿಸಿಕೊಂಡವು, ಪರೀಕ್ಷೆ ಬರೆದ ಮಕ್ಕಳದ್ದೊಂದನ್ನು ಬಿಟ್ಟು. ಅಂದಿನಿಂದ ಜಿಲ್ಲೆಯ ಮೇಷ್ಟ್ರುಗಳ ನಿದ್ದೆಯಲ್ಲಿ ಬರುವ ಏಕೈಕ ನಕ್ಷೆ ರ‍್ಯಾಂಕ್ ಪಟ್ಟಿ. ಅದಕ್ಕೆ ಔಷಧ ಪಾಸಿಂಗ್ ಪ್ಯಾಕೇಜ್: ಈ ನಾಲ್ಕು ಚಿತ್ರ, ಈ ಎರಡು ಪ್ರಮೇಯ, ಈ ಒಂದು ಪತ್ರ, ಭಾರತದ ನಕ್ಷೆ, ಇಷ್ಟು ಗಟ್ಟಿ ಮಾಡಿದರೆ ದಡ ಸೇರಿದೆ. ಪರಿಕಲ್ಪನಾ ನಕ್ಷೆಯೂ ಈ ಗಾಣಕ್ಕೆ ಬಿದ್ದು ಎಣ್ಣೆಯಾಗಿ ಬಂತು. ಈಗ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ‘ನಡುವೆ ದುಂಡು, ಬಲಗಡೆ ಮೂರು, ಎಡಗಡೆ ಎರಡು, ಕೆಳಗಡೆದು ಬಿಟ್ರೂ ನಡೀತದೆ.’ ಒಬ್ಬ ಹುಡುಗ ಬಾಣವೊಂದನ್ನು ತೋರಿಸಿ ಕೇಳಿದ ಪ್ರಶ್ನೆ ಶಿಕ್ಷಣಶಾಸ್ತ್ರದ ಯಾವ ಪುಸ್ತಕಕ್ಕೂ ಮುನ್ನುಡಿಯಾಗಬಲ್ಲದು: ‘ಸಾರ್, ಇದು ಎಷ್ಟು ಮಾರ್ಕ್ಸಿನ ಬಾಣ?’

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ 20ಕ್ಕೆ ಏರಿಸಿ ಕೈಹಿಡಿದು ಎತ್ತಿದ ಮೇಲೆ. ಗೋಡೆಯ ತುಂಬ ಜ್ಞಾನ ಅಂಟಿಸಿದ್ದೆವು, ತಲೆಯೊಳಗೆ ಎಷ್ಟು ಹೋಗಿತ್ತು ಎಂಬುದನ್ನು ಆ ವರ್ಷ ಕ್ಯಾಮೆರಾ ಹೇಳಿತು.

ನೋಡಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಪ್ರಯೋಗವೂ ನಡೆದಿದೆ. ಜೆಫ್ರಿ ಕಾರ್ಪಿಕ್ ಮತ್ತು ಜಾನೆಲ್ ಬ್ಲಂಟ್ ಎಂಬಿಬ್ಬರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಕಾಲೇಜಿನ ವಿದ್ಯಾರ್ಥಿಗಳಿಗೆ ವಿಜ್ಞಾನದ ಒಂದು ಪಾಠ ಕೊಟ್ಟು, ಒಂದು ಗುಂಪಿಗೆ ಅದನ್ನು ಎದುರಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆಯಲು ಹೇಳಿದರು. ಇನ್ನೊಂದು ಗುಂಪಿಗೆ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆಯಲು ಹೇಳಿದರು. ವಾರದ ನಂತರ ಪರೀಕ್ಷೆ ಇಟ್ಟಾಗ ಮುಚ್ಚಿಟ್ಟವರೇ ಮುಂದೆ. ಪರೀಕ್ಷೆಯಲ್ಲಿ ನಕ್ಷೆಯನ್ನೇ ಬರೆಸಿದರೂ ಅವರೇ ಮುಂದೆ. ನಕ್ಷೆಯ ವಿರೋಧಿಗಳು ಕುಣಿಯುವ ಮೊದಲು ಇನ್ನೊಂದು ಮಾತು: 2014ರಲ್ಲಿ ಅವರೇ ಮತ್ತೊಂದು ಪ್ರಯೋಗ ಮಾಡಿ, ಪಾಠ ಮುಚ್ಚಿಟ್ಟು ನೆನಪಿನಿಂದ ನಕ್ಷೆ ಬರೆದರೆ ಅದೂ ಅಷ್ಟೇ ಚೆನ್ನಾಗಿ ಕಲಿಸುತ್ತದೆ ಎಂದು ತೋರಿಸಿದರು. ದುಂಡಿನದೂ ತಪ್ಪಿಲ್ಲ, ಬಾಣದ್ದೂ ತಪ್ಪಿಲ್ಲ. ಪುಸ್ತಕ ತೆರೆದಿತ್ತೋ ಮುಚ್ಚಿತ್ತೋ, ಪ್ರಶ್ನೆ ಅದು. ನಮ್ಮಲ್ಲಿ ಪುಸ್ತಕ ಮಾತ್ರವಲ್ಲ, ಗೈಡು, ಗೋಡೆ, ಗ್ರೂಪು ಎಲ್ಲವೂ ತೆರೆದಿರುತ್ತವೆ. ಮುಚ್ಚಿರುವುದು ಹುಡುಗನ ಬಾಯಿ.

ಇದರಲ್ಲಿ ಮೇಷ್ಟ್ರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ, ಅದನ್ನು ಮಾಡಲಾರೆ. ಮೂರು ವಿಷಯಕ್ಕೆ ಒಬ್ಬರು, ಅವರೂ ಅತಿಥಿ ಶಿಕ್ಷಕರು, ಸಂಬಳ ಯಾವಾಗ ಬಂದರೆ ಆಗ. ಪಾಠಯೋಜನೆ ಐದು ‘ಇ’ಗಳ ಐದು ಕಾಲಮ್ಮಿನಲ್ಲಿ, ದಿನಚರಿ ಬೇರೆ, ಕ್ರಿಯಾಯೋಜನೆ ಬೇರೆ, ಫಲಿತಾಂಶ ಸುಧಾರಣೆಯ ಕಡತ ಬೇರೆ, ಬೆಳಗಿನ ಜಾವ ಮಕ್ಕಳನ್ನು ಓದಲು ಎಬ್ಬಿಸುವ ಫೋನು ಬೇರೆ. ಹುಡುಗನೊಬ್ಬ ಸೊಟ್ಟಸೊಟ್ಟ ದುಂಡು ಹಾಕಿ, ತಪ್ಪು ಬಾಣ ಎಳೆದು, ಅಳಿಸಿ ಮತ್ತೆ ಎಳೆಯುವವರೆಗೆ ಕಾಯಲು ಒಂದು ಇಡೀ ಪೀರಿಯಡ್ ಬೇಕು. ಆ ಪೀರಿಯಡ್ಡಿನ ಕೊನೆಗೆ ಫೋಟೋ ತೆಗೆಯುವಂಥದ್ದು ಏನೂ ಇರುವುದಿಲ್ಲ. ಬೋರ್ಡು ಗಲೀಜಾಗಿರುತ್ತದೆ, ಇಬ್ಬರು ಜಗಳವಾಡಿರುತ್ತಾರೆ, ಒಬ್ಬಳಿಗೆ ವಿಷಯ ಥಟ್ಟನೆ ಹೊಳೆದಿರುತ್ತದೆ. ಹೊಳೆದದ್ದಕ್ಕೆ ಪೋರ್ಟಲ್ಲಿನಲ್ಲಿ ಜಾಗವಿಲ್ಲ. ಹದಿನಾಲ್ಕು ಚಾರ್ಟಿಗೆ ಇದೆ. ಮೇಷ್ಟ್ರು ಲೆಕ್ಕ ಬಲ್ಲವರು, ಚಾರ್ಟು ಬರೆಸುತ್ತಾರೆ.

ಆದ್ದರಿಂದ ಮನವಿ ಜೀಪಿನಲ್ಲಿ ಬರುವವರಿಗೆ. ಸ್ವಾಮಿ, ಮುಂದಿನ ಸಲ ಘಟ್ಟದ ಕಡೆ ಬಂದಾಗ ಗೋಡೆ ಎಣಿಸಬೇಡಿ. ಪುಸ್ತಕ ಮುಚ್ಚಿಸಿ, ಆ ಲೈನ್ ಮನೆಯ ಹುಡುಗನ ಕೈಗೊಂದು ಸೀಮೆಸುಣ್ಣ ಕೊಟ್ಟು, ಅವನಿಗೆ ಗೊತ್ತಿರುವುದು ಯಾವುದಾದರೂ ಒಂದು ವಿಷಯ ಬರೆಯಲು ಹೇಳಿ, ಒಂದರ್ಧ ಗಂಟೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಗೆರೆ ಸೊಟ್ಟಗಿದ್ದರೆ ತಿದ್ದಬೇಡಿ, ಯಾಕೆ ಅಲ್ಲಿಗೆ ಎಳೆದೆ ಎಂದು ಕೇಳಿ. ದಯವಿಟ್ಟು ಫೋಟೋ ಮಾತ್ರ ತೆಗೆಯಬೇಡಿ.